ಹಾಡುಹಗಲಲ್ಲೇ ಪೆಟ್ಟಿಗೆ ಬದಲಾಯಿಸಿದ ಸೊಸೆ

ಅದೇ ಹೇಳಿದೆನಲ್ಲ ಮರಿ, ನಮ್ಮ ಕಿರಿ ಸೊಸೆಗೆ ಅವಳ ಆಫೀಸಿನಲ್ಲಿ ಆಮೇಲಮ್ಮ ಅಂತ ಹೆಸರಿಟ್ಟಿದ್ದಾರೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಆಮೇಲಮ್ಮ. ಅವಳಿಗೂ ಗೊತ್ತು, ಗೊತ್ತಿಲ್ಲದವಳ ಹಾಗೆ ಇರುತ್ತಾಳೆ. ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿನ ವೈಫೈ ಪೆಟ್ಟಿಗೆಗಳನ್ನು ಬದಲಾಯಿಸೋಣವೇ ಎಂದು ಯಾರು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದ ಉತ್ತರ ಒಂದೇ, ಆಮೇಲೆ ನೋಡೋಣ. ಮನೆಯಲ್ಲಿ ಮಾತ್ರ ಅವಳು ಹಾಗಲ್ಲ. ಇಲ್ಲಿ ಆಮೇಲೆ ಎನ್ನುವವನು ನನ್ನ ಮಗ. ನಲ್ಲಿ ಸೋರುತ್ತಿದೆ ಕಣೋ ಎಂದರೆ ಸೋರುವ ಸದ್ದು ಕೇಳಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುವ ಆಸಾಮಿ ಅವನು. ಆ ನಲ್ಲಿಯನ್ನು ಸೆರಗು ಸಿಕ್ಕಿಸಿಕೊಂಡು ಸರಿ ಮಾಡಿದವಳು ಇವಳೇ. ಅಂಥವಳು ಆಫೀಸಿನಲ್ಲಿ ಮಾತ್ರ ಯಾಕೆ ಹಿಂದೆ ಹಿಂದೆ ಸರಿಯುತ್ತಿದ್ದಳು ಎಂಬುದೇ ನಾನು ಹೇಳಲು ಹೊರಟದ್ದು.

ಅವಳ ಆಫೀಸು ಎಂದರೆ ಔಷಧಿ ಗೋದಾಮು. ಊರಿನ ಅಂಚಿನಲ್ಲಿ, ಲಾರಿಗಳು ತಿರುಗುವ ರಸ್ತೆಯಲ್ಲಿ, ತಗಡಿನ ಮಾಡಿನ ಉದ್ದನೆಯ ಕಟ್ಟಡ. ಸುತ್ತಮುತ್ತಲ ಆಸ್ಪತ್ರೆಗಳಿಗೆಲ್ಲ ಔಷಧಿ ಹೋಗುವುದು ಅಲ್ಲಿಂದಲೇ. ಮುಂದಿನ ಅರ್ಧದಲ್ಲಿ ಮಾತ್ರೆ, ಸಿರಪ್ಪು, ಹತ್ತಿ, ಬ್ಯಾಂಡೇಜು. ಹಿಂದಿನ ಅರ್ಧದಲ್ಲಿ ತಂಪು ಕೋಣೆಗಳು. ಮಕ್ಕಳಿಗೆ ಹಾಕುವ ಲಸಿಕೆ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ನು, ಇನ್ನೂ ಏನೇನೋ, ಎಲ್ಲ ಆ ಕೋಣೆಗಳಲ್ಲಿ. ಕಾವು ತಗುಲಿದರೂ ಹಾಳು, ಹೆಪ್ಪುಗಟ್ಟಿದರೂ ಹಾಳು. ಎರಡು ಡಿಗ್ರಿಗಿಂತ ಕೆಳಗಿಳಿಯಬಾರದು, ಎಂಟಕ್ಕಿಂತ ಮೇಲೇರಬಾರದು. ಹಾಳಾದದ್ದು ನೋಡಲಿಕ್ಕೆ ಗೊತ್ತೂ ಆಗುವುದಿಲ್ಲ, ಅದೇ ಅದರ ಪೀಡೆ. ಹಾಲು ಕೆಟ್ಟರೆ ಮೂಗು ಹೇಳುತ್ತದೆ. ಲಸಿಕೆ ಕೆಟ್ಟದ್ದು ಗೊತ್ತಾಗುವುದು ಯಾರದೋ ಮನೆಯ ಕೂಸು ಕಾಯಿಲೆ ಬಿದ್ದ ಮೇಲೆ.

ನನ್ನನ್ನೂ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಬ್ಯಾಂಕಿನ ತಿಜೋರಿಗೆ ಇರುವಂಥ ಬಾಗಿಲು, ತೆರೆದರೆ ಮುಖಕ್ಕೆ ರಪ್ಪನೆ ಬಡಿಯುವ ತಣ್ಣನೆ ಗಾಳಿ. ನಮ್ಮ ಮನೆಯ ತರಕಾರಿಯನ್ನೂ ಇಲ್ಲೇ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬಹುದಲ್ಲ ಎಂದೆ. ಅಲ್ಲಿದ್ದವರೆಲ್ಲ ನಕ್ಕರು, ಒಬ್ಬಾಕೆಯನ್ನು ಬಿಟ್ಟು. ಆಕೆ ಆ ತಂಪು ಕೋಣೆಗಳ ಫಾರ್ಮಸಿಸ್ಟು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಸ್ವೆಟರು ಬಿಚ್ಚುವವಳಲ್ಲ, ಹಾಗಾಗಿ ಎಲ್ಲರಿಗೂ ಸ್ವೆಟರ್ ಅಕ್ಕ. ತನ್ನ ಔಷಧಿಯ ವಿಷಯದಲ್ಲಿ ತಮಾಷೆ ಅಂದರೆ ಆಕೆಗೆ ಆಗುವುದಿಲ್ಲ. ಆದರೆ ಅಂತಃಕರಣದ ಹೆಂಗಸು. ಆವತ್ತು ನನ್ನ ಕೈ ತಣ್ಣಗಾಗಿದೆ ಎಂದು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಉಜ್ಜುತ್ತಲೇ ಬಾಗಿಲವರೆಗೆ ಕಳಿಸಿಕೊಟ್ಟಳು.

ಎಲ್ಲಿದ್ದೆ? ಹಾಂ, ಪೆಟ್ಟಿಗೆ. ಪ್ರತಿ ತಂಪು ಕೋಣೆಯಲ್ಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಒಂದು ತೂಗುತ್ತಿರುತ್ತದೆ. ಒಳಗೆ ಎಷ್ಟು ತಂಪಿದೆ ಎಂಬುದನ್ನು ಅದು ತಂತಿಯ ಹಂಗಿಲ್ಲದೆ ಗಾಳಿಯಲ್ಲೇ ಹೇಳುತ್ತದೆ. ಮಾಡಿನ ಕೆಳಗೆ ತಟ್ಟೆ ಕವುಚಿದ ಹಾಗೆ ಅಂಟಿಕೊಂಡಿರುವ ಬಿಳಿ ಪೆಟ್ಟಿಗೆ ಅದನ್ನು ಕೇಳಿಸಿಕೊಳ್ಳುತ್ತದೆ. ಆಫೀಸಿನ ಗೋಡೆಯ ಮೇಲಿನ ಪರದೆಯಲ್ಲಿ ಕೋಣೆಗೊಂದರಂತೆ ಅಂಕಿ ಬರುತ್ತದೆ, ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಲಾರಿ ತುಂಬುವವರ ಕೈಯ ಸ್ಕ್ಯಾನರು, ಆಫೀಸಿನವರ ಲ್ಯಾಪ್‌ಟಾಪು, ಮ್ಯಾನೇಜರ ಫೋನು, ಎಲ್ಲದರ ಮಾತೂ ಇದೇ ಪೆಟ್ಟಿಗೆಗಳ ಮೂಲಕ. ಈ ಪೆಟ್ಟಿಗೆಗಳ ಉಸ್ತುವಾರಿ ನಮ್ಮ ಸೊಸೆಯದು.

ಪೆಟ್ಟಿಗೆಗಳು ಹಳೆಯವು. ಹಳೆಯದಾದರೆ ಏನು ನಷ್ಟ, ನಾನೂ ಹಳೆಯವಳೇ, ನಡೆಯುತ್ತಿಲ್ಲವೇ ಎಂದು ಕೇಳಿದ್ದೆ. ಅದಕ್ಕೆ ಅವಳು ನಮ್ಮ ಸೋದರಮಾವನ ಉದಾಹರಣೆ ಕೊಟ್ಟಳು. ನೀನು ಅವನನ್ನು ನೋಡಿಲ್ಲ. ಅವನು ಒಂದು ಮಾತು ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಬಡಿಸಿದ ಅನ್ನ ಆರಿ ಕಲ್ಲಾಗಿರುತ್ತಿತ್ತು. ಉಪ್ಪು ಬೇಕು ಎನ್ನಲಿಕ್ಕೆ ಉಪ್ಪಿನ ಗುಣಗಾನದಿಂದ ಆರಂಭಿಸುವವನು. ದೊಡ್ಡವನು, ನಡುವೆ ಬಾಯಿ ಹಾಕುವ ಹಾಗಿಲ್ಲ. ಅವನು ಮುಗಿಸುವ ತನಕ ಪಂಕ್ತಿಯೆಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕು. ಗಾಳಿಯಲ್ಲೂ ಹಾಗೆಯೇ ಅಂತೆ. ಒಂದು ಪೆಟ್ಟಿಗೆಯ ಕೆಳಗೆ ಒಮ್ಮೆಗೆ ಒಬ್ಬರೇ ಮಾತಾಡಬೇಕು, ನಿಧಾನವಾಗಿ ಮಾತಾಡುವ ಹಳೆಯ ಸೆನ್ಸರ್ ಒಂದು ಬಾಯಿ ತೆಗೆದರೆ ಚುರುಕಿನವರೆಲ್ಲ ಕಾಯಬೇಕು. ಹೊಸ ಪದ್ಧತಿಯ ಪೆಟ್ಟಿಗೆಗಳು ಹಲವರ ಮಾತನ್ನು ಒಟ್ಟಿಗೇ ಕೇಳಿಸಿಕೊಳ್ಳುತ್ತವೆ, ಹೊರಗಿನವರು ನುಸುಳದ ಹಾಗೆ ಪಾಸ್‌ವರ್ಡ್ ಹಾಕುವ ಬೀಗವೂ ಗಟ್ಟಿ. ಆದರೆ ಆ ಗಟ್ಟಿ ಬೀಗದ ಭಾಷೆ ಹಳೆಯ ಸೆನ್ಸರುಗಳಿಗೆ ಬಾರದು. ಮಾವನನ್ನು ಪಂಕ್ತಿಯಿಂದಲೇ ಎಬ್ಬಿಸಿದ ಹಾಗಾಗುತ್ತದೆ.

ಎದ್ದು ಹೋದರೆ ಹೋಗಲಿ, ಹೋದದ್ದು ಗೊತ್ತಾದರೆ ಸಾಕಿತ್ತು. ಒಮ್ಮೆ ಹಾಗೆ ಗೊತ್ತಾಗದೇ ಹೋಗಿತ್ತು, ಅವಳ ಸಂಕಟ ಅದು.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದು. ಪೆಟ್ಟಿಗೆಗಳ ಬೀಗ ಬದಲಾಯಿಸಬೇಕಿತ್ತು. ಯಾರ ಕೆಲಸಕ್ಕೂ ತೊಂದರೆಯಾಗಬಾರದು ಎಂದು ರಜೆಯ ದಿನ ನೋಡಿ, ಇವಳು ಮತ್ತು ಎಲೆಕ್ಟ್ರಿಶಿಯನ್ನು ಇಬ್ಬರೇ ಹೋಗಿ ಕೆಲಸ ಮುಗಿಸಿದರು. ಎಲೆಕ್ಟ್ರಿಶಿಯನ್ನು ಅಂದರೆ ಏಣಿಯಣ್ಣ. ಹೆಗಲ ಮೇಲೆ ಏಣಿಯಿಲ್ಲದೆ ಅವನನ್ನು ಕಂಡವರಿಲ್ಲ, ಊಟಕ್ಕೆ ಕೂರುವಾಗಲೂ ಪಕ್ಕದಲ್ಲೇ ಒರಗಿಸಿಕೊಂಡು ಕೂರುತ್ತಾನೆ. ಪರದೆ ನೋಡಿದರು, ಎಲ್ಲ ಹಸಿರು. ಬಾಗಿಲು ಹಾಕಿಕೊಂಡು ಮನೆಗೆ ಬಂದರು. ಅವಳು ಆವತ್ತು ಹಾಡು ಗುನುಗುತ್ತಾ ತಲೆ ಬಾಚಿಕೊಂಡದ್ದು ನನಗೆ ನೆನಪಿದೆ.

ಮರುದಿನ ಸ್ವೆಟರ್ ಅಕ್ಕ ಒಂದು ಕೋಣೆಯ ಬಾಗಿಲು ತೆರೆದರೆ ಒಳಗೆ ಬೆಚ್ಚಗಿದೆ. ತಂಪು ಮಾಡುವ ಯಂತ್ರ ತನ್ನ ಪಾಡಿಗೆ ತಾನು ನಿಂತುಹೋಗಿತ್ತು. ಅದು ಬೇರೆಯದೇ ಕಾರಣಕ್ಕೆ ನಿಂತದ್ದು, ಇವಳ ಬೀಗಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಕೋಣೆಯ ಸೆನ್ಸರಿಗೆ ಹೊಸ ಬೀಗ ಗೊತ್ತಾಗದೆ ಅದು ಮೂಕವಾಗಿ ಕೂತಿತ್ತು. ಪರದೆಯೋ, ಕೊನೆಗೆ ಕೇಳಿಸಿದ ಅಂಕಿಯನ್ನೇ ಹಸಿರಾಗಿ ತೋರಿಸುತ್ತಾ ನಿಂತಿತ್ತು. ಕೋಣೆ ತುಂಬ ಇದ್ದ ಲಸಿಕೆಯನ್ನು ಸುಡಲಿಕ್ಕೆ ಕಳಿಸಬೇಕಾಯಿತು. ಯಾರೂ ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಸುಡುವ ಗಾಡಿಗೆ ಡಬ್ಬಗಳನ್ನು ತುಂಬುವುದನ್ನು ನಿಂತು ನೋಡಿ ಮನೆಗೆ ಬಂದು, ಅತ್ತೆ, ತಲೆ ನೋಯ್ತಿದೆ ಎಂದಳು. ಅಷ್ಟೇ. ಆಮೇಲೆ ಪರದೆ ಮಾಡಿದ ಕಂಪನಿಯವರಿಗೆ ದೂರು ಹೋಯಿತು. ಅವರು ಅಂಕಿಯ ಕೆಳಗೆ, ಕೊನೆಗೆ ಯಾವಾಗ ಕೇಳಿಸಿತು ಎಂಬುದನ್ನು ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಬರೆಯುವ ಹಾಗೆ ಮಾಡಿಕೊಟ್ಟು ಕೈ ತೊಳೆದುಕೊಂಡರು. ಅದನ್ನು ಓದಬೇಕಾದರೆ ಗೋಡೆಗೆ ಮೂಗು ಒತ್ತಬೇಕು.

ಅಂದಿನಿಂದ ಶುರುವಾದದ್ದು ಈ ಆಮೇಲೆ. ಕೊರಳಿಗೆ ಟೈ ಕಟ್ಟಿಕೊಂಡು ಒಬ್ಬ ಮಾರಾಟದವನು ಬರುತ್ತಿದ್ದ. ವೈಫೈಯ ಆರನೇ ತಲೆಮಾರು ಬಂದಿದೆ ಮೇಡಂ ಎಂದ, ಇವಳು ಆಮೇಲೆ ಎಂದಳು. ಏಳು ಬಂದಿದೆ ಎಂದು ಬಣ್ಣದ ಕಾಗದ ಹಿಡಿದು ಬಂದ. ಎಂಟು ಬರಲಿ, ಆಗ ಏಳರ ಹುಳುಕು ಗೊತ್ತಾಗುತ್ತೆ ಎಂದು ಟೀ ಕುಡಿಸಿ ಕಳಿಸಿದಳು. ಅವಳು ಹೇಳುತ್ತಿದ್ದುದರಲ್ಲಿ ನ್ಯಾಯವೂ ಇತ್ತು. ಒಳಗಿನ ಸಾಮಾನೆಲ್ಲ ಹಳೆಯದಿರುವಾಗ ಮೇಲಿನ ಪೆಟ್ಟಿಗೆ ಮಾತ್ರ ಹೊಸದು ಹಾಕಿ ಏನು ಸುಖ? ಆದರೆ ಅದರಲ್ಲಿ ನ್ಯಾಯ ಎಷ್ಟು, ಹೆದರಿಕೆ ಎಷ್ಟು ಎಂಬುದು ಅವಳಿಗೇ ಸರಿಯಾಗಿ ಗೊತ್ತಿತ್ತು. ಊಟ ಮಾಡುತ್ತಾ ಮಾಡುತ್ತಾ ಫೋನು ತೆಗೆದು ಆ ಹಸಿರು ಅಂಕಿಗಳನ್ನು ನೋಡುತ್ತಿದ್ದಳು. ಇರುವೆ ಅಕ್ಷರವನ್ನು ಬೆರಳಿನಿಂದ ಹಿಗ್ಗಿಸಿ ಓದುತ್ತಿದ್ದಳು. ನನ್ನ ಮಗ, ಅದನ್ನ ತಟ್ಟೆ ಪಕ್ಕ ಇಟ್ಕೊಂಡೇ ಊಟ ಮಾಡು, ನಂಚಿಕೊಳ್ಳೋಕೆ ಆಗುತ್ತೆ ಎಂದು ಕುಟುಕುತ್ತಿದ್ದ.

ಹೀಗಿರುವಾಗ ಲಾರಿ ತುಂಬುವ ಕಟ್ಟೆಯ ಮೇಲಿದ್ದ ಪೆಟ್ಟಿಗೆ ಸತ್ತಿತು. ಕಪಾಟಿನಲ್ಲಿ ಉಳಿದಿದ್ದ ಕೊನೆಯ ಪೆಟ್ಟಿಗೆಯನ್ನು ಏಣಿಯಣ್ಣ ಹತ್ತಿ ಹಾಕಿದ. ಇನ್ನೊಂದು ಬೇಕೆಂದರೆ ಸಿಗುವುದಿಲ್ಲ, ಮಾಡುವುದನ್ನೇ ನಿಲ್ಲಿಸಿದ್ದಾರೆ. ಹಳೆಯ ಬೀಗದಲ್ಲಿ ಕಳ್ಳರು ಕಂಡುಹಿಡಿದ ಸಂದುಗಳನ್ನು ಮುಚ್ಚಿಕೊಡುವುದನ್ನೂ ನಿಲ್ಲಿಸಿದ್ದಾರೆ. ಈ ಕಡೆ ಸ್ಕ್ಯಾನರುಗಳು ತಡವರಿಸಿ, ಲಾರಿಗಳು ಸಾಲುಗಟ್ಟಿ ನಿಂತು ಹಾರ್ನು ಹೊಡೆಯತೊಡಗಿದವು. ಒಂದು ಆಸ್ಪತ್ರೆಯವರು ಇನ್ಸುಲಿನ್ನು ಸಂಜೆಯಾದರೂ ಬರಲಿಲ್ಲವೆಂದು ಮ್ಯಾನೇಜರಿಗೆ ಫೋನು ಮಾಡಿ ಬೆವರಿಳಿಸಿದರಂತೆ. ಮ್ಯಾನೇಜರು ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತಾಡುವವರಲ್ಲ. ಆವತ್ತು ಇವಳನ್ನು ಕರೆದು, ಇನ್ನು ಆಮೇಲೆ ಅನ್ನೋ ಮಾತು ಬೇಡ, ಈ ತಿಂಗಳೇ ಬದಲಾಯಿಸಿ, ನಿಮ್ಮಿಂದ ಆಗಲ್ಲ ಅಂದ್ರೆ ಹೊರಗಿನವರ ಕೈಗೆ ಕೊಡ್ತೀನಿ ಎಂದರು. ಮಾರಾಟದವನು ಆಗಲೇ ಅವರ ತಲೆ ತುಂಬಿದ್ದ. ರಾತ್ರಿ ಬಂದು ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಸಲಕ್ಕೆ ಕಿತ್ತು ಹೊಸದು ಹಾಕುತ್ತಾರೆ, ಬೆಳಿಗ್ಗೆ ನೀವು ಬರುವಷ್ಟರಲ್ಲಿ ಎಲ್ಲ ಹಸಿರು ಎಂದು.

ಎಲ್ಲ ಹಸಿರು ಎಂಬ ಮಾತು ಕೇಳಿದ್ದೇ ಇವಳು ಚೀಲ ಎತ್ತಿಕೊಂಡು ಹೊರಟಳು.

ಮನೆಗೆ ಬಂದು ನನ್ನ ಮುಂದೆ ಕೂತಳು. ಏನು ಮಾಡ್ಲಿ ಅತ್ತೆ ಎಂದಳು. ನನಗೇನು ಗೊತ್ತು ವೈಫೈ ವಿಷಯ? ನನಗೆ ಗೊತ್ತಿದ್ದ ಹಲ್ಲಿನ ಕಥೆ ಹೇಳಿದೆ. ನನ್ನ ಒಂದು ದವಡೆ ಹಲ್ಲು ಬಹಳ ಕಾಲ ನೋಯುತ್ತಿತ್ತು. ಕೀಳಿಸಲು ಹೆದರಿ ಲವಂಗ ಒತ್ತಿಕೊಂಡು ದಿನ ತಳ್ಳಿದೆ. ಕೊನೆಗೆ ಅದು ತನಗೆ ಬೇಕಾದ ದಿನ ಹುಡುಕಿಕೊಂಡಿತು. ನಿನ್ನ ತಾತನೂ ನಾನೂ ರೈಲಿನಲ್ಲಿ ದೂರ ಹೊರಟಿದ್ದೆವು, ನಡುದಾರಿಯಲ್ಲಿ ಕೆನ್ನೆ ಊದಿ ಕುಂಬಳಕಾಯಿಯಾಯಿತು. ಕಿಟಕಿ ಪಕ್ಕದ ಸೀಟು ಸಿಕ್ಕಿಯೂ ಹೊರಗೇನೂ ಕಾಣಲಿಲ್ಲ, ಒಂದು ಕಣ್ಣು ಮುಚ್ಚಿಯೇ ಹೋಗಿತ್ತು. ತಾತನೋ, ಈ ಕಡೆಯಿಂದ ನೋಡಿದ್ರೆ ನೀನು ತುಂಬಾ ಸುಖವಾಗಿರೋ ಮನೆಯವಳ ಹಾಗೆ ಕಾಣ್ತೀಯ ಎಂದು ನಗಿಸಲು ನೋಡಿದರು. ಡಾಕ್ಟರು, ಒಂದು ತಿಂಗಳ ಮುಂಚೆ ನೀವೇ ದಿನ ನೋಡ್ಕೊಂಡು ಬಂದಿದ್ರೆ ಎಷ್ಟು ಸಲೀಸಾಗಿತ್ತು ಎಂದರು.

ಸೊಸೆ ನಗಲಿಲ್ಲ. ಎದ್ದು ಹೋಗಿ ಅಡುಗೆಮನೆಯಿಂದ ಲೋಟಗಳನ್ನು ತಂದು ಊಟದ ಮೇಜಿನ ಮೇಲೆ ಕವುಚಿಟ್ಟಳು. ನನ್ನ ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ತಂದು ಅವುಗಳ ಸುತ್ತ ಹರಡಿದಳು. ಲೋಟ ಅಂದರೆ ಪೆಟ್ಟಿಗೆ, ಕಪ್ಪು ಗುಂಡಿ ಹಳೆಯ ಸೆನ್ಸರು, ಬಿಳಿ ಗುಂಡಿ ಹೊಸದು. ಲೋಟ ಬದಲಾಯಿಸಿ ನೋಡಿದಳು, ಗುಂಡಿ ಸರಿಸಿ ನೋಡಿದಳು. ನನ್ನ ಮಗ ನೀರು ಕುಡಿಯಲು ಬಂದು ಒಂದು ಲೋಟ ಎತ್ತಿಕೊಂಡ, ಅವಳು ನೋಡಿದ ನೋಟಕ್ಕೆ ಹಾಗೇ ಇಟ್ಟು ಚೊಂಬಿನಲ್ಲೇ ಕುಡಿದು ಹೋದ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. "ಅತ್ತೆ, ಸೋದರಮಾವನಿಗೆ ಬೇಗ ಬೇಗ ಮಾತಾಡೋಕೆ ಬರ್ತಿರಲಿಲ್ಲ. ಆದ್ರೆ ಬೇಗ ಮಾತಾಡೋರಿಗೆ, ಬೇಕು ಅಂದ್ರೆ ನಿಧಾನವಾಗಿ ಮಾತಾಡೋಕೆ ಬರ್ತಿತ್ತು ಅಲ್ವಾ?"

"ಬರ್ತಿತ್ತಪ್ಪಾ, ಯಾಕೆ ಬರಲ್ಲ? ಅವನ ಹೆಂಡ್ತಿ ಅವನ ಹತ್ರ ಮಾತ್ರ ಎಳೆದೂ ಎಳೆದೂ ಮಾತಾಡ್ತಿದ್ಲು. ನಮ್ಮ ಹತ್ರ ಬಂದ್ರೆ ಪಟಾಕಿ."

ಅವಳ ಮುಖ ಆಗ ನೋಡಬೇಕಿತ್ತು ನೀನು. ಕಪ್ಪು ಗುಂಡಿಗಳನ್ನೆಲ್ಲ ಮೇಜಿನಿಂದ ಆಚೆ ಸರಿಸಿ, ಹಳೆಯ ಲೋಟಗಳ ಸುತ್ತಲೇ ಬಿಳಿ ಗುಂಡಿಗಳನ್ನಿಟ್ಟಳು. ಮಾರಾಟದವನು ಹೇಳಿದ್ದು ಪೆಟ್ಟಿಗೆ ಮೊದಲು ಎಂದು. ಇವಳು ಅದನ್ನು ತಿರುಗಾಮುರುಗಾ ಮಾಡಿದಳು. ಮೊದಲು ಸೆನ್ಸರುಗಳನ್ನು ಬದಲಾಯಿಸುವುದು. ಹೊಸ ಸೆನ್ಸರುಗಳಿಗೆ ಹಳೆಯ ಭಾಷೆಯೂ ಬರುತ್ತದೆ, ಹಳೆಯ ಪೆಟ್ಟಿಗೆಯ ಜೊತೆ ಹೇಗೋ ಹೊಂದಿಕೊಂಡಿರುತ್ತವೆ. ಮಾತು ಬಾರದವರು ಒಬ್ಬರೂ ಉಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆ ಪೆಟ್ಟಿಗೆ. ಅದೂ ಒಂದೇ ಸಲಕ್ಕೆ ಅಲ್ಲ, ಒಂದಾದ ಮೇಲೆ ಒಂದು.

ಇಷ್ಟಕ್ಕೆ ಮ್ಯಾನೇಜರು ಒಪ್ಪಿದರು. ಒಪ್ಪದೇ ಇದ್ದದ್ದು ಅವಳ ಇನ್ನೊಂದು ಮಾತಿಗೆ. ಪೆಟ್ಟಿಗೆ ಬದಲಾಯಿಸುವುದು ರಾತ್ರಿ ಬೇಡ, ರಜೆಯ ದಿನವೂ ಬೇಡ, ಎಲ್ಲರೂ ಕೆಲಸಕ್ಕೆ ಬಂದಿರುವ ದಿನ, ಹಗಲು ಹೊತ್ತಿನಲ್ಲೇ ಆಗಬೇಕು ಎಂದಳು. ಹಗಲು ಲಾರಿಗಳನ್ನು ನಿಲ್ಲಿಸಿಕೊಂಡು ಯಾರಾದರೂ ಇಂಥ ಕೆಲಸ ಮಾಡುತ್ತಾರೆಯೇ, ಜಗತ್ತೆಲ್ಲ ರಾತ್ರಿ ಮಾಡುತ್ತದೆ ಎಂದರು ಅವರು. ಜಗತ್ತಿನಲ್ಲಿ ನಿಜವಾಗಿಯೂ ಹಾಗೇ ಅಂತೆ, ಯಾರನ್ನು ಕೇಳಿದರೂ ರಾತ್ರಿ ಎನ್ನುತ್ತಾರಂತೆ.

"ರಾತ್ರಿ ಮಾಡಿದ್ರೆ ಆದ ತಪ್ಪು ಬೆಳಿಗ್ಗೆ ಗೊತ್ತಾಗುತ್ತೆ ಸಾರ್," ಎಂದಳು. "ಯಾರೂ ಇಲ್ಲದ ಹೊತ್ತಲ್ಲಿ ಕೆಲಸ ಸುಲಭ. ಆದ್ರೆ ಏನು ನಿಂತುಹೋಯ್ತು ಅಂತ ಕೂಗಿ ಹೇಳೋಕೂ ಯಾರೂ ಇರಲ್ಲ. ನನಗೆ ಕೂಗೋರು ಬೇಕು."

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರಂತೆ. ಆ ಸುಟ್ಟ ಲಸಿಕೆಯ ದಿನ ಅವರೂ ಅಲ್ಲೇ ನಿಂತಿದ್ದವರಲ್ಲವೇ. ಕೊನೆಗೆ, ಲಾರಿಯವರಿಗೆ ಆವತ್ತು ಊಟ ಆದಮೇಲೆ ಬನ್ನಿ ಅಂತ ಹೇಳ್ತೀನಿ, ಆದ್ರೆ ಊಟದೊಳಗೆ ಮುಗೀಬೇಕು ಎಂದರು.

ಸೆನ್ಸರುಗಳು ಬಂದವು. ಒಂದೊಂದು ಕೋಣೆಗೂ ತಾನೇ ಹೋಗಿ ಹಳೆಯದನ್ನು ಬಿಚ್ಚಿ ಅಲ್ಲೇ ಬದಿಗಿಟ್ಟು, ಹೊಸದನ್ನು ಸ್ವೆಟರ್ ಅಕ್ಕನ ಎದುರಿಗೇ ಕಟ್ಟಿದಳು. ಕೆಲವು ದಿನ ಹಾಗೇ ನಡೆಯಲು ಬಿಟ್ಟಳು. ಎಲ್ಲ ಮಾತಾಡುತ್ತಿವೆ. ಇನ್ನು ಪೆಟ್ಟಿಗೆಯ ದಿನ. ಹಿಂದಿನ ಸಂಜೆ ಅವಳು ಅಡುಗೆಯಲ್ಲಿ ಉಪ್ಪು ಹಾಕಿರಲಿಲ್ಲ. ಉಪ್ಪಿನಕಾಯಿ ಬಡಿಸಿಕೊಂಡು ಉಂಡೆವು.

ಆ ದಿನದ ಏರ್ಪಾಡು ಹೇಳುತ್ತೇನೆ ಕೇಳು, ನನಗೆ ಬಹಳ ಹಿಡಿಸಿದ್ದು ಅದೇ. ಪ್ರತಿ ತಂಪು ಕೋಣೆಗೂ ಒಬ್ಬೊಬ್ಬರನ್ನು ನಿಲ್ಲಿಸಿದಳು. ಲೆಕ್ಕಪತ್ರದವರು, ಪ್ಯಾಕಿಂಗ್ ಹೆಂಗಸರು, ಕಾವಲುಗಾರ, ಕೈ ಖಾಲಿಯಿದ್ದ ಡ್ರೈವರು. ಮ್ಯಾನೇಜರೂ ಮಂಕಿ ಕ್ಯಾಪು ಹಾಕಿಕೊಂಡು ಒಂದು ಕೋಣೆಗೆ ನಿಂತರು. ಅವರನ್ನು ಆ ವೇಷದಲ್ಲಿ ನೋಡಿ ಪ್ಯಾಕಿಂಗ್ ಹೆಂಗಸರು ಗೋಡೆ ಕಡೆ ತಿರುಗಿಕೊಂಡು ನಕ್ಕರಂತೆ. ಎಲ್ಲಕ್ಕಿಂತ ಒಳಗಿನ ಕೋಣೆ ಸ್ವೆಟರ್ ಅಕ್ಕನದು. ಅಲ್ಲಿರುವುದು ಎಲ್ಲಕ್ಕಿಂತ ಸೂಕ್ಷ್ಮದ ಔಷಧಿ, ಅದನ್ನು ಬೇರೆಯವರ ಕೈಗೆ ಬಿಡಲು ಆಕೆ ಒಪ್ಪಲಿಲ್ಲ. ಒಂದು ಪೆಟ್ಟಿಗೆ ಬದಲಾಯಿಸಿದ ಕೂಡಲೇ ಅದರ ಕೆಳಗಿನ ಕೋಣೆಗಳವರು ಒಳಗೆ ತೂಗುಹಾಕಿದ ಗಾಜಿನ ಥರ್ಮಾಮೀಟರು ನೋಡಿ ಅಂಕಿ ಕೂಗಬೇಕು. ಪರದೆಯ ಮುಂದೆ ನಿಂತ ಇವಳು ತಾಳೆ ನೋಡುತ್ತಾಳೆ. ಅಷ್ಟಕ್ಕೇ ಬಿಡುವ ಹಾಗಿಲ್ಲ. ಅವರು ಆ ಸೆನ್ಸರನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಳ್ಳಬೇಕು. ಕೈಯ ಬಿಸಿಗೆ ಪರದೆಯ ಅಂಕಿ ಏರಬೇಕು. ಏರಿದರೆ ಅದಕ್ಕೆ ಜೀವ ಇದೆ ಎಂದರ್ಥ. ಹಸಿರನ್ನು ನಂಬಿ ಒಮ್ಮೆ ಕೆಟ್ಟವಳು, ಈ ಸಲ ಹಸಿರು ತಪ್ಪುವುದನ್ನು ಕಣ್ಣಾರೆ ಕಂಡ ಮೇಲೇ ನಂಬುವುದು ಎಂದು ತೀರ್ಮಾನಿಸಿದ್ದಳು.

ಏಣಿಯಣ್ಣ ಮೇಲೆ ಹತ್ತಿ ಮೊದಲನೆಯ ಪೆಟ್ಟಿಗೆ ಕಳಚಿ ಹೊಸದನ್ನು ಕೂರಿಸಿದ. ಐದು ಎಂದು ಕಾವಲುಗಾರ ಕೂಗಿದ. ಪರದೆಯಲ್ಲೂ ಐದು. ಕೈಯಲ್ಲಿ ಹಿಡಿದ. ಆರಾಯಿತು, ಏಳಾಯಿತು, ಮೇಲಕ್ಕೇರಿ ಕೆಂಪಾಯಿತು. ಬಿಟ್ಟ, ಮತ್ತೆ ಇಳಿಯಿತು. ಮ್ಯಾನೇಜರು ತಮ್ಮ ಕೋಣೆಯಿಂದ ಕೂಗಿದ್ದು ಮೊದಲು ಯಾರಿಗೂ ಕೇಳಿಸಲಿಲ್ಲ. ಅಷ್ಟು ವರ್ಷ ಮೆಲ್ಲಗೆ ಮಾತಾಡಿ ರೂಢಿ. ಇನ್ನೂ ಜೋರಾಗಿ ಸಾರ್ ಎಂದು ಏಣಿಯ ಮೇಲಿನಿಂದಲೇ ಏಣಿಯಣ್ಣ ಗದರಿದ. ಹೀಗೆ ನಗುನಗುತ್ತಲೇ ಒಂದೊಂದೇ ಮುಗಿಯುತ್ತಾ ಬಂತು.

ಕೊನೆಯದು ಒಳಕೋಣೆಯ ಪೆಟ್ಟಿಗೆ. ಸ್ವೆಟರ್ ಅಕ್ಕ ನಾಲ್ಕು ಎಂದು ಕೂಗಿದಳು. ಪರದೆಯಲ್ಲಿ ನಾಲ್ಕು, ಹಸಿರು. ಕೈಯಲ್ಲಿ ಹಿಡ್ಕೊಳ್ಳಿ ಅಕ್ಕ ಎಂದಳು ಸೊಸೆ. ಹಿಡಿದಳು. ನಾಲ್ಕೇ ಇದೆ. ಬೇರೆಯವು ಇಷ್ಟರಲ್ಲಿ ಏರಿದ್ದವು. ಸ್ವಲ್ಪ ಕಾದಳು. ನಾಲ್ಕೇ. ಎರಡೂ ಕೈಯಲ್ಲಿ ಹಿಡ್ಕೊಳ್ಳಿ ಎಂದಳು. ನಾಲ್ಕು. ಆ ಹಸಿರು ನಾಲ್ಕು ಅಲುಗದೆ ನಿಂತದ್ದನ್ನು ನೋಡುತ್ತಾ ನೋಡುತ್ತಾ ಅವಳಿಗೆ ಆ ಸುಡುವ ಗಾಡಿ, ಅದಕ್ಕೆ ತುಂಬುತ್ತಿದ್ದ ಡಬ್ಬಗಳು ಎಲ್ಲ ಕಣ್ಣಿಗೆ ಕಟ್ಟಿದವಂತೆ. ಕಾಲು ತನ್ನಷ್ಟಕ್ಕೇ ಒಳಕೋಣೆಯ ಕಡೆ ಓಡಿತು.

ಸ್ವೆಟರ್ ಅಕ್ಕ ಬೊಗಸೆಯಲ್ಲಿ ಸೆನ್ಸರು ಹಿಡಿದುಕೊಂಡು ನಿಂತಿದ್ದಳು. ಇವಳು ಬಾಯಿ ತೆಗೆಯುವ ಮೊದಲೇ ಆಕೆ ಹೇಳಿದಳು.

"ಇದು ಹಳೇದು ಕಣಮ್ಮ. ನೀನು ಹೊಸದು ಕಟ್ಟಿ ಹೋದ ಮೇಲೆ ನಾನೇ ಬಿಚ್ಚಿ, ಇದನ್ನ ವಾಪಸ್ ಹಾಕ್ಬಿಟ್ಟೆ."

"ಯಾಕಕ್ಕ?"

"ಆವತ್ತು ಆ ಕೋಣೆ ಹಾಳಾದಾಗ, ಈ ಕೋಣೆದು ಮಾತ್ರ ಬಾಯಿ ಮುಚ್ಚಿರಲಿಲ್ಲ. ಇದೊಂದು ನನಗೆ ಯಾವತ್ತೂ ಸುಳ್ಳು ಹೇಳಿಲ್ಲ. ಹೊಸದರ ಮೇಲೆ ನಂಬಿಕೆ ಬರಲಿಲ್ಲ. ನಿನಗೆ ಹೇಳಿದ್ರೆ ಬೇಡ ಅಂತೀಯ ಅಂತ ಸುಮ್ಮನಾದೆ."

ಹಳೆಯ ಪೆಟ್ಟಿಗೆಗೆ ಎರಡು ಸೆನ್ಸರಿನ ಮಾತೂ ಅರ್ಥವಾಗುತ್ತಿತ್ತು. ಪರದೆ ಕೋಣೆಯ ಅಂಕಿಯನ್ನು ತೋರಿಸುತ್ತದೆಯೇ ಹೊರತು ಯಾವ ಸೆನ್ಸರು ಹೇಳಿತು ಎಂಬುದನ್ನಲ್ಲ. ಹಳೆಯದರ ಗುರುತನ್ನು ಸೊಸೆ ಪಟ್ಟಿಯಿಂದ ಇನ್ನೂ ಅಳಿಸಿರಲಿಲ್ಲ. ಹಾಗಾಗಿ ಇಷ್ಟು ದಿನ ಸೊಲ್ಲೇ ಏಳಲಿಲ್ಲ. ಹೊಸ ಪೆಟ್ಟಿಗೆ ಕೂತ ಕ್ಷಣ ಆ ಹಳೆಯ ಸೆನ್ಸರು ಮೂಕವಾಯಿತು.

"ಹೊಸದೆಲ್ಲಿದೆ?" ಎಂದಳು ಸೊಸೆ.

"ನನ್ನ ಮೇಜಿನ ಡ್ರಾಯರಲ್ಲಿ. ಕರ್ಚೀಫಲ್ಲಿ ಸುತ್ತಿಟ್ಟಿದೀನಿ, ಧೂಳು ಕೂರಬಾರದು ಅಂತ."

ಅಷ್ಟು ಹೊತ್ತಿನ ಆ ಭಯದೊಳಗೂ ಸೊಸೆಗೆ ನಗು ಬಂದುಬಿಟ್ಟಿತು. ನಂಬಿಕೆಯಿಲ್ಲದ ಸಾಮಾನಿಗೂ ಧೂಳು ಕೂರಬಾರದು ಎನ್ನುವ ಹೆಂಗಸು. ಪ್ಯಾಕಿಂಗಿನ ಹುಡುಗಿ ಓಡಿಹೋಗಿ ತಂದಳು. ಸೊಸೆ ಅದನ್ನು ತಾನು ಕಟ್ಟದೆ ಸ್ವೆಟರ್ ಅಕ್ಕನ ಕೈಗೇ ಕೊಟ್ಟಳು. ಆಕೆ ಕಟ್ಟಿದಳು, ಅಂಗೈಯಲ್ಲಿ ಮುಚ್ಚಿ ಹಿಡಿದಳು. ಪರದೆಯ ಮುಂದೆ ಈಗ ಏಣಿಯಣ್ಣ ನಿಂತಿದ್ದ. ಐದು ಎಂದು ಕೂಗಿದ. ಆರು ಎಂದ. ಏಳು ಎಂದ. ಆಮೇಲೆ, ಕೆಂಪಾಯ್ತು ಮೇಡಂ ಎಂದು ಕಟ್ಟಡವೆಲ್ಲ ನಡುಗುವ ಹಾಗೆ ಅರಚಿದ. ಕೆಂಪು ಬಂತೆಂದು ಆ ಗೋದಾಮಿನಲ್ಲಿ ಜನ ಚಪ್ಪಾಳೆ ತಟ್ಟಿದ್ದು ಹಿಂದೆಂದೂ ಇಲ್ಲ. ಮಂಕಿ ಕ್ಯಾಪಿನ ಮ್ಯಾನೇಜರೂ ತಟ್ಟಿದರು.

ಸೊಸೆ ಆ ತಣ್ಣನೆ ಕೋಣೆಯಲ್ಲೇ ಒಂದು ಖಾಲಿ ಕ್ರೇಟಿನ ಮೇಲೆ ಕೂತುಬಿಟ್ಟಳು. ಎದೆಯ ಮೇಲೆ ವರ್ಷಗಳಿಂದ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತಂತೆ. ತಪ್ಪು ಆಗಲೇಬಾರದು ಎಂದುಕೊಂಡೇ ಅವಳು ಇಷ್ಟು ದಿನ ಹೆದರಿದ್ದಳು. ಈಗ ತಪ್ಪು ಆಯಿತು, ಆಗಿ ಟೀ ಆರುವಷ್ಟರಲ್ಲಿ ಸಿಕ್ಕಿಯೂ ಬಿತ್ತು. ಒಂದು ಔಷಧಿಯ ಸೀಸೆಯೂ ಹಾಳಾಗಲಿಲ್ಲ. ಇದೇ ಕೆಲಸ ರಾತ್ರಿ ಆಗಿದ್ದರೆ ಆ ಹಸಿರು ನಾಲ್ಕು ಎಷ್ಟು ದಿನ ಹಾಗೇ ನಿಂತಿರುತ್ತಿತ್ತೋ, ಒಳಗೆ ಏನಾಗುತ್ತಿತ್ತೋ. ಮ್ಯಾನೇಜರು ಬಂದು, ಊಟಕ್ಕೆ ಇನ್ನೂ ಸಮಯ ಇದೆ, ಎದ್ದು ಹೊರಗೆ ಬನ್ನಿ, ನೀವೇ ಹೆಪ್ಪುಗಟ್ಟಿಬಿಟ್ಟೀರಿ ಎಂದರಂತೆ. ಮೊದಲನೆಯ ಲಾರಿ ಬಂದಾಗ ಸ್ಕ್ಯಾನರುಗಳು ಟಿಕ್ ಟಿಕ್ ಎಂದು ಓಡಿದವು. ಡ್ರೈವರನ ಬೀಡಿ ಮುಗಿಯುವ ಮುಂಚೆ ಲಾರಿ ತುಂಬಿತ್ತು, ಅರ್ಧ ಬೀಡಿ ಎಸೆಯಬೇಕಾಯಿತಲ್ಲ ಎಂದು ಅವನಿಗೆ ಬೇಜಾರು. ಇನ್ಮೇಲೆ ಇವರಿಗೆ ಆಮೇಲಮ್ಮ ಬೇಡ, ಈಗಮ್ಮ ಅಂತ ಕರೆಯೋಣ ಎಂದು ಏಣಿಯಣ್ಣ ಹೇಳಿ ನೋಡಿದ. ಯಾರಿಗೂ ನಾಲಿಗೆ ಹೊರಳಲಿಲ್ಲ. ಈಗಲೂ ಆಮೇಲಮ್ಮನೇ.

ಆವತ್ತು ಮನೆಗೆ ಬಂದವಳು ತಟ್ಟೆಗೆ ಎರಡು ಸಲ ಹಾಕಿಸಿಕೊಂಡು ಉಂಡಳು. ಫೋನು ಎಲ್ಲೋ ಚೀಲದೊಳಗೇ ಇತ್ತು. ಅದನ್ನು ನಾನೂ ನೋಡಿದೆ, ನನ್ನ ಮಗನೂ ನೋಡಿದ.

ಒಂದೇ ಒಂದು ಎಳೆ ಉಳಿದಿದೆ ನೋಡು. ಸ್ವೆಟರ್ ಅಕ್ಕ ನಿನ್ನೆಯೂ ಕೆಲಸಕ್ಕೆ ಬಂದಿಲ್ಲ, ಇವತ್ತೂ ಬಂದಿಲ್ಲ. ನೆಗಡಿ ಎಂದು ಹೇಳಿಕಳಿಸಿದ್ದಾಳೆ. ಆ ತಂಪಿನಲ್ಲಿ ವರ್ಷಗಟ್ಟಲೆ ನಿಂತವಳಿಗೆ ಈಗೆಲ್ಲಿಯ ನೆಗಡಿ ಮರಿ, ಮುಖ ತೋರಿಸಲು ನಾಚಿಕೆ ಅಷ್ಟೇ. ಸೊಸೆ ಫೋನಿನಲ್ಲಿ ಎಷ್ಟು ಹೇಳಿದರೂ, ನೀನು ಒಳ್ಳೆಯವಳು ಅಂತ ಹಾಗೆ ಹೇಳ್ತೀಯ ಎನ್ನುತ್ತಾಳಂತೆ. ನಿಜ ಹೇಳಬೇಕೆಂದರೆ ಆಕೆ ಹಾಗೆ ಮಾಡದೇ ಇದ್ದಿದ್ದರೆ, ಕೈಯಲ್ಲಿ ಹಿಡಿದು ನೋಡುವ ಆ ಉಪಾಯ ಕೆಲಸ ಮಾಡುತ್ತದೆಂದು ಯಾರಿಗೆ ಗೊತ್ತಾಗುತ್ತಿತ್ತು? ಹಾಗಾಗಿ ನೀನೊಂದು ಕೆಲಸ ಮಾಡು. ಒಲೆಯ ಪಕ್ಕ ಫ್ಲಾಸ್ಕಿನಲ್ಲಿ ತರಕಾರಿ ಸೂಪು ಹಾಕಿಟ್ಟಿದ್ದೇನೆ. ಆಕೆಯ ಮನೆ ಔಷಧಿ ಅಂಗಡಿ ದಾಟಿದ ಮೇಲೆ ನೀಲಿ ಗೇಟಿನದು, ಮೇಲಿನ ಮಹಡಿ. ಕೊಟ್ಟು ಹಾಗೇ ಓಡಿ ಬರಬೇಡ, ಕುಡಿಯುವ ತನಕ ಎದುರಿಗೆ ಕೂತಿರು. ನಾಳೆ ಕೆಲಸಕ್ಕೆ ಬರ್ತೀರಂತೆ ಅಂತ ನೀನೇ ಮೇಲೆ ಬಿದ್ದು ಹೇಳು, ಹೂಂ ಅನ್ನಿಸಿಕೊಂಡೇ ಎದ್ದು ಬಾ. ಬರುವಾಗ ಫ್ಲಾಸ್ಕು ಮರೆಯಬೇಡ, ಮುಚ್ಚಳ ಸಡಿಲ ಇದೆ, ನೆಟ್ಟಗೆ ಹಿಡಿದುಕೋ.